ಅನಸೂಯಾಬಾಯಿಯವರ ಆನ್‌ಲೈನ್ ಅವತಾರ

ಬೆಳಿಗ್ಗೆ ಒಂಬತ್ತು ಗಂಟೆ ಏಳು ನಿಮಿಷಕ್ಕೆ ಅಕ್ಷೋಭ್ಯ ಟ್ಯಾಬಿನತ್ತ ನೋಡಿ "ಟೀಚರ್" ಅಂದ. ಅಷ್ಟೇ. ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ ಅವನ ಅಜ್ಜಿ ಅನಸೂಯಾಬಾಯಿಯವರ ಹೊಟ್ಟೆಯಲ್ಲಿ ಕೆಂಪು ಮೆಣಸಿನಕಾಯಿ ಅರೆದ ಹಾಗಾಯಿತು. ಅಂದು ಏಕಾದಶಿ ಬೇರೆ. ಖಾಲಿ ಹೊಟ್ಟೆಯಲ್ಲಿ ಹೊಟ್ಟೆಕಿಚ್ಚಿಗೆ ಜಾಗ ಧಾರಾಳವಾಗಿತ್ತು.

ಏಳು ವರ್ಷದ ಅಕ್ಷೋಭ್ಯನಿಗೆ ಆಟಿಸಂ ಇದೆ ಎಂದು ರಾಯಚೂರಿನ ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಮಾನ್ವಿಯ ಶಾಲೆಯ ಗದ್ದಲ ಅವನಿಗೆ ತಡೆಯಲಾಗುತ್ತಿರಲಿಲ್ಲ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದ. ಕೊನೆಗೆ ಅಪ್ಪ ವಾದಿರಾಜ, ಅಮ್ಮ ಪೂರ್ಣಶ್ರೀ ಇಬ್ಬರೂ ಕೂಡಿ ಮನೆಯಲ್ಲೇ ಆನ್‌ಲೈನ್ ಪಾಠ ಶುರು ಮಾಡಿಸಿದರು. ರಾಯಚೂರಿನಿಂದ ಕಹಕಶಾನ್ ಎಂಬ ಟೀಚರು ದಿನಕ್ಕೆರಡು ಸಲ, ಒಂಬತ್ತಕ್ಕೊಮ್ಮೆ ಹನ್ನೊಂದಕ್ಕೊಮ್ಮೆ, ತೆರೆಯ ಮೇಲೆ ಬರುತ್ತಾರೆ. ಹುಡುಗನ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ವಾದಿರಾಜನ ಬ್ಯಾಂಕು ರಾಯಚೂರಿನಲ್ಲಿ, ಪೂರ್ಣಶ್ರೀಯ ಹೈಸ್ಕೂಲು ದೇವದುರ್ಗದಲ್ಲಿ. ಇಬ್ಬರೂ ಎಂಟು ಗಂಟೆಯೊಳಗೆ ಬಸ್ಸು ಹತ್ತುವವರು. ಹಾಗಾಗಿ ಕೂರುವ ಕೆಲಸ ಅನಸೂಯಾಬಾಯಿಯವರಿಗೆ ಬಂತು. ಮೂವತ್ತಾರು ವರ್ಷ ಇಡೀ ಶಾಲೆಯನ್ನೇ ಕೂರಿಸಿ ಎಬ್ಬಿಸಿದ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಬರೀ ಕೂರುವ ಕೆಲಸ!

ಅದನ್ನಾದರೂ ಅವರು ಸಹಿಸುತ್ತಿದ್ದರೇನೋ. ಅವರ ಸಂಕಟ ಬೇರೆಯೇ ಇತ್ತು. ಮೊಮ್ಮಗ ಅವರನ್ನು ಒಮ್ಮೆಯೂ "ಅಜ್ಜಿ" ಎಂದು ಕರೆದಿರಲಿಲ್ಲ. ಮಾತೇ ಬಾರದ ಹುಡುಗನಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಬೋರ್ಡು ನೋಡಿ "ಸಿಂಧನೂರು, ಶಕ್ತಿನಗರ, ಅರಕೇರಾ" ಎಂದು ಒಂದೂ ತಪ್ಪದೆ ಹೇಳುತ್ತಿದ್ದ. ಅರಕೇರಾ ಬಸ್ಸಿಗೂ ಅವನ ಬಾಯಲ್ಲಿ ಜಾಗವಿತ್ತು. ಎಣ್ಣೆ ಹಚ್ಚಿ ಎರೆದು, ಅನ್ನ ಕಲಸಿ ತಿನ್ನಿಸುವ ಅಜ್ಜಿಗೆ ಇರಲಿಲ್ಲ. ಈಗ ನೋಡಿದರೆ ಪಾಠ ಶುರುವಾದ ಮೂರನೆಯ ದಿನಕ್ಕೇ, ಅಂಗೈ ಅಗಲದ ಆ ಹುಡುಗಿಗೆ "ಟೀಚರ್"!

"ಅಕ್ಷೋಭ್ಯ, ಇದು ಯಾವ ಬಣ್ಣ?" ಕಹಕಶಾನ್ ಒಂದು ಕಾಗದ ಎತ್ತಿ ಹಿಡಿದರು.

"ಹಳದಿ! ಹಳದಿ ಅನ್ನೋ! ನಿನ್ನೆ ರಾತ್ರಿ ಹೇಳಿಕೊಟ್ಟೀನಿಲ್ಲ?" ಅನಸೂಯಾಬಾಯಿ ಪ್ರಾರ್ಥನಾ ಮೈದಾನದ ಕೊನೆಯ ಸಾಲಿಗೆ ಮುಟ್ಟುವ ದನಿಯಲ್ಲಿ ಹೇಳಿದರು.

ಅಕ್ಷೋಭ್ಯ ಎರಡೂ ಕಿವಿ ಮುಚ್ಚಿಕೊಂಡ.

"ಅಜ್ಜಿಯವರ, ನೀವು ಸ್ವಲ್ಪ ಸುಮ್ಮ ಕೂಡ್ರಿ. ಅವಗ ಟೈಮ್ ಬೇಕು," ಅಂದರು ಕಹಕಶಾನ್, ನಗುತ್ತಲೇ.

ಸುಮ್ಮನೆ ಕೂರು! ಈ ಮಾತನ್ನು ಅನಸೂಯಾಬಾಯಿ ಲಕ್ಷ ಸಲ ಹೇಳಿದ್ದರು, ಕೇಳಿದ್ದು ಇದೇ ಮೊದಲು. ಕಹಕಶಾನ್ ಕಾದರು. ಅರ್ಧ ನಿಮಿಷವಾದ ಮೇಲೆ ಹುಡುಗ ಮೆಲ್ಲಗೆ "ಹಳದಿ" ಅಂದ. ಅಜ್ಜಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಆದರೆ ಅದರ ಹಿಂದೆಯೇ ಎರಡು ಪಟ್ಟು ಉರಿ ಹೊತ್ತಿತು.

ಪಾಠ ಮುಗಿದದ್ದೇ ತಡ, ಹುಡುಗನನ್ನು ಫ್ಯಾನು ನೋಡಲು ಬಿಟ್ಟು ಹಿತ್ತಲಿಗೆ ಬಂದರು. ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಎಡಮನೆಯ ವೆಂಕಣ್ಣ ನಿಂತಿದ್ದ. ಪೋಸ್ಟ್‌ಮನ್ ಕೆಲಸದಿಂದ ನಿವೃತ್ತನಾಗಿದ್ದರೂ ಊರವರ ಸುದ್ದಿ ಹಂಚುವುದನ್ನು ಬಿಟ್ಟಿರಲಿಲ್ಲ. ಬಲಮನೆಯ ಉಮ್ಮೇ ಕುಲ್ಸುಮ್, ಬ್ಲೌಸು ಹೊಲಿಯುವವಳು, ಬಟ್ಟೆ ಒಣಹಾಕುತ್ತಿದ್ದಳು.

"ಅಕಿ ಮ್ಯಾಲ ಏನು ಮಾಯಾ ಅದನೋ ತಿಳಿಯವಲ್ತು," ಅಂದರು ಅನಸೂಯಾಬಾಯಿ. "ಮೂರು ದಿನದಾಗ ಟೀಚರ್ ಅಂದ. ನಾ ಏಳು ವರ್ಷದಿಂದ ಅವನ ಮುಂದ ಕೂತೀನಿ."

"ಅದೇ ತಪ್ಪು ನೋಡ್ರಿ ಅಕ್ಕೋರ," ವೆಂಕಣ್ಣ ಗಂಭೀರವಾಗಿ ಹೇಳಿದ. "ಈಗಿನ ಹುಡುಗ್ರಿಗೆ ಮುಂದ ಕೂತವ್ರು ಕಾಣಂಗಿಲ್ಲ. ಮೊಬೈಲಿನ್ಯಾಗ ಬಂದವ್ರೇ ಕಾಣ್ತಾರ. ನೀವೂ ಒಳಗ ಹೋಗಿಬಿಡ್ರಿ."

"ಬರ್ರಿ ಅಕ್ಕೋರ," ಕುಲ್ಸುಮ್ ಕೈ ಒರೆಸಿಕೊಂಡಳು. "ನಮ್ಮ ಮಗಳು ಜೋಯಾ ಹೈದರಾಬಾದಿನಿಂದ ದಿನಾ ವಿಡಿಯೋ ಕಾಲ್ ಮಾಡ್ತಾಳ, ನನಗ ಎಲ್ಲಾ ಬರ್ತದ. ನೀವು ನಮ್ಮ ಮನ್ಯಾಗ ಕುಂದರ್ರಿ. ನಾ ನಿಮ್ಮ ಮನ್ಯಾಗ ಹುಡುಗನ ಬಾಜೂಕ ಟ್ಯಾಬ್ ಹಿಡಕೊಂಡು ಕುಂದರ್ತೀನಿ."

ಹನ್ನೊಂದು ವರ್ಷದ ನೆರೆಹೊರೆಯಲ್ಲಿ ಅನಸೂಯಾಬಾಯಿ ಕುಲ್ಸುಮಳ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಮಡಿಯ ಹೆಂಗಸು, ಎಲ್ಲ ಸ್ನೇಹವೂ ಗೋಡೆಯ ಮೇಲಿಂದಲೇ. ಆದರೆ ಅಂದಿನ ಹೊಟ್ಟೆಕಿಚ್ಚಿನ ಮುಂದೆ ಮಡಿ ಯಾವ ಲೆಕ್ಕ? ಹೊಸ ಸೀರೆ ಉಟ್ಟು, ಕನ್ನಡಕ ಒರೆಸಿ, ಕುಲ್ಸುಮಳ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತರು.

"ಚಾ ಮಾಡ್ಲೇನು?"

"ಇವತ್ತು ಏಕಾದಶಿ. ನೀರೂ ಇಲ್ಲ."

"ಹಂಗಾರ ನಮ್ಮ ರೋಜಾ ಉಪವಾಸ ಇದ್ದಂಗಾತು. ನಾಳೆ ಬಿಡಂಗಿಲ್ಲ ಮತ್ತ," ಎಂದು ಕುಲ್ಸುಮ್ ತನ್ನ ಫೋನನ್ನು ಅವರ ಕೈಗೆ ಕೊಟ್ಟು ಅವರ ಮನೆಗೆ ಓಡಿದಳು. ಮೇಲ್ವಿಚಾರಣೆಗೆ ವೆಂಕಣ್ಣ ಉಳಿದ.

ಫೋನು ಸದ್ದು ಮಾಡಿತು. ವೆಂಕಣ್ಣ ಒತ್ತಿಕೊಟ್ಟ. ಅನಸೂಯಾಬಾಯಿಯವರು ಆಯುಷ್ಯವಿಡೀ ಮಾಡಿದ್ದನ್ನೇ ಮಾಡಿದರು. ಅದನ್ನು ಗಟ್ಟಿಯಾಗಿ ಕಿವಿಗೆ ಹಿಡಿದು "ಹಲೋ" ಅಂದರು. ಆ ಕಡೆ ಟ್ಯಾಬಿನ ತುಂಬ ಬೆಂಡೋಲೆಯ ಸಮೇತ ಒಂದು ದೊಡ್ಡ ಕಿವಿ ಮೂಡಿತು.

"ಕಿವಿ," ಅಂದ ಅಕ್ಷೋಭ್ಯ.

"ಅಂದಾ! ಅಕ್ಕೋರ, ಕಿವಿ ಅಂದಾ!" ಕುಲ್ಸುಮ್ ಚೀರಿದಳು.

ಏನಾಯಿತೆಂದು ತಿಳಿಯದ ಅನಸೂಯಾಬಾಯಿ ಫೋನನ್ನು ಮುಖದ ಹತ್ತಿರ ತಂದು ಇಣುಕಿದರು. ಟ್ಯಾಬಿನಲ್ಲಿ ಮೂಗುತಿ ಹೊಳೆಯಿತು. "ಮೂಗು," ಅಂದ ಹುಡುಗ. ವೆಂಕಣ್ಣನಿಗೆ ತಾಳ್ಮೆ ಕೆಟ್ಟಿತು. "ದೂರ ಹಿಡೀರಿ, ದೂರ!" ಎಂದು ಕಸಿಯಲು ಹೋದಾಗ ಫೋನು ಜಾರಿ, ಮಷೀನಿನ ಮೇಲಿದ್ದ ಬಟ್ಟೆಯ ಗಂಟಿಗೆ ಒರಗಿ ನಿಂತುಕೊಂಡಿತು. ಎಷ್ಟು ಸರಿಯಾಗಿ ನಿಂತಿತೆಂದರೆ, ಬೇಕೆಂದು ಇಟ್ಟರೂ ಹಾಗೆ ನಿಲ್ಲುತ್ತಿರಲಿಲ್ಲ. ಗಾಬರಿಯಿಂದ ಬಾಯಿ ಕಟ್ಟಿ ಸುಮ್ಮನೆ ಕೂತಿದ್ದ ಅನಸೂಯಾಬಾಯಿಯವರ ಪೂರ್ತಿ ಮುಖ ತೆರೆಯ ನಡುವೆ ಬಂತು.

ಅಕ್ಷೋಭ್ಯ ಬಹಳ ಹೊತ್ತು ನೋಡಿದ. ಕಿವಿ ನೋಡಿದ, ಮೂಗು ನೋಡಿದ. ಆಮೇಲೆ, ಲೆಕ್ಕ ಸರಿಹೋದವನ ಹಾಗೆ ನಿಧಾನವಾಗಿ ಹೇಳಿದ:

"ಅಜ್ಜಿ."

ಅನಸೂಯಾಬಾಯಿಯವರಿಗೆ ಕಣ್ಣು ಮಂಜಾಯಿತು. ವೆಂಕಣ್ಣ ಕೂಡ ಮೂಗು ಒರೆಸಿಕೊಂಡ. ಇನ್ನು ಕಹಕಶಾನ್ ಯಾವ ಲೆಕ್ಕ! ಅನಸೂಯಾಬಾಯಿ ಚಪ್ಪಲಿಯನ್ನೂ ಮೆಟ್ಟದೆ ತಮ್ಮ ಮನೆಗೆ ಓಡಿದರು. ಅಜ್ಜಿ ಮೊಮ್ಮಗನ ನಡುವೆ ತಾನೇಕೆ ಎಂದು ಕುಲ್ಸುಮ್ ಎದ್ದು ತನ್ನ ಮನೆಗೆ ಹೋಗಿ, ಹಾಲು ಕಾಯಿಸಲು ಒಲೆಯ ಮೇಲಿಟ್ಟಳು.

"ಇನ್ನೊಮ್ಮೆ ಅನ್ನಪ್ಪಾ, ಬಂಗಾರಾ," ಅನಸೂಯಾಬಾಯಿ ಚಾಪೆಯ ಮೇಲೆ ಕೂತು ಎರಡೂ ಕೈ ಚಾಚಿದರು.

ಅಕ್ಷೋಭ್ಯ ಟ್ಯಾಬು ನೋಡಿದ. ಅದರಲ್ಲಿ ಖಾಲಿ ಸ್ಟೂಲಿತ್ತು. ಪಕ್ಕಕ್ಕೆ ನೋಡಿದ. ಅಲ್ಲಿ ಇರಬಾರದ ಅಜ್ಜಿ ಇದ್ದರು. ಅವನ ಮುಖ ಅಳುವಂತಾಯಿತು. ಎದ್ದು ಅವರ ಕೈ ಹಿಡಿದು ಎಳೆದ.

ಅವನಾಗಿ ಕೈ ಹಿಡಿದದ್ದು ಅದೇ ಮೊದಲು! ಅನಸೂಯಾಬಾಯಿ ಹಿಗ್ಗಿ ಹೀರೇಕಾಯಿಯಾಗಿ ಹಿಂದೆ ನಡೆದರು. ಹುಡುಗ ಗೇಟು ದಾಟಿದ, ಕುಲ್ಸುಮಳ ಮನೆಯೊಳಗೆ ನಡೆದ, ಅವರನ್ನು ಸ್ಟೂಲಿನ ಮೇಲೆ ಕೂರಿಸಿದ. ಗಲ್ಲ ಹಿಡಿದು ಮುಖವನ್ನು ಫೋನಿನ ಕಡೆ ತಿರುಗಿಸಿದ. ಹೊರಟಿದ್ದ ವೆಂಕಣ್ಣನನ್ನು ತಳ್ಳಿ ಮೊದಲಿನ ಜಾಗದಲ್ಲಿ ನಿಲ್ಲಿಸಿದ. ಆಮೇಲೆ ಅಡುಗೆಮನೆಗೆ ಹೋಗಿ ಕುಲ್ಸುಮಳ ಕೈ ಹಿಡಿದು, ಅವಳನ್ನು ಎಳೆದುಕೊಂಡು ತನ್ನ ಚಾಪೆಗೆ ಹೋದ. ಎಲ್ಲರೂ ಎಲ್ಲೆಲ್ಲಿರಬೇಕೋ ಅಲ್ಲಲ್ಲಿ ಕೂತ ಮೇಲೆ ತೆರೆ ನೋಡಿ ನಕ್ಕ.

"ಅಜ್ಜಿ."

ಅಷ್ಟರಲ್ಲಿ ಹನ್ನೊಂದಾಯಿತು. ಕುಲ್ಸುಮ್ ಪಾಠದ ಲಿಂಕನ್ನು ತನ್ನ ಫೋನಿಗೂ ಕಳಿಸಿದಳು, ವೆಂಕಣ್ಣ ಒತ್ತಿದ. ತೆರೆಯ ಅರ್ಧದಲ್ಲಿ ಕಹಕಶಾನ್, ಅರ್ಧದಲ್ಲಿ ಚಾಪೆ ಕಾಣಿಸಿತು. ನಡೆದದ್ದನ್ನೆಲ್ಲ ಕೇಳಿ ಕಹಕಶಾನ್ ಚಪ್ಪಾಳೆ ತಟ್ಟಿದರು.

"ಭಾಳ ಛಲೋ ಆತ್ರಿ! ಮೂರು ತಿಂಗಳು ಹಿಂಗೇ ಇರ್ಲಿ. ಒಂದು ಚೂರೂ ಬದಲಿ ಮಾಡಬ್ಯಾಡ್ರಿ. ಅಂದಂಗ ಬಾಜೂಕ ಕೂತವರು ಯಾರ್ರೀ? ಎಷ್ಟು ಸಮಾಧಾನದಿಂದ ಕೂತಾರ! ಒಂದು ಮಾತಿಲ್ಲ, ಗದ್ದಲಿಲ್ಲ."

ತೆರೆಯಲ್ಲಿ ಅಕ್ಷೋಭ್ಯ ಕುಲ್ಸುಮಳ ಭುಜಕ್ಕೆ ತಲೆ ಆನಿಸಿದ್ದ. ಅನಸೂಯಾಬಾಯಿಯವರ ಚಾಪೆ, ಅನಸೂಯಾಬಾಯಿಯವರ ಮನೆ, ಅನಸೂಯಾಬಾಯಿಯವರ ಮೊಮ್ಮಗ. ಕಹಕಶಾನ್ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಕ್ಷಣದಲ್ಲಿ ಕುಲ್ಸುಮಳ ಮೇಲೆ ಹೋಗಿ ಕೂತಿತು. ಎದ್ದು ಓಡಿಬಿಡೋಣವೆಂದು ಸ್ಟೂಲಿನಿಂದ ಒಂದು ಗೇಣು ಏಳುತ್ತಲೇ ಆ ಕಡೆ ಹುಡುಗ ಕಿವಿ ಮುಚ್ಚಿಕೊಂಡು ಚೀರಿದ. ಕೂತರು. ಸುಮ್ಮನಾದ.

"ಅಯ್ಯೋ ಅಕ್ಕೋರ!" ಕುಲ್ಸುಮ್ ತೆರೆಯೊಳಗಿಂದ ಕೂಗಿದಳು. "ಒಲಿ ಮ್ಯಾಲ ಹಾಲು ಇಟ್ಟೀನಿ, ನೋಡ್ರಿ!"

ಅನಸೂಯಾಬಾಯಿ ಕದಲುವಂತಿರಲಿಲ್ಲ, ವೆಂಕಣ್ಣನಿಗೂ ಜಾಗ ಬಿಡಲು ಧೈರ್ಯ ಸಾಲಲಿಲ್ಲ. ಇಬ್ಬರೂ ಕ್ಯಾಮೆರಾದ ಮುಂದೆ ನಗುಮುಖ ಹೊತ್ತು, ಒಳಗಿನ ಸದ್ದು ಕೇಳುತ್ತ ಉಳಿದರು. ಸುಂಯ್ ಅಂತು.

"ಹಾಲು ಉಕ್ಕಿದುವ್ರಿ ಅಕ್ಕೋರ," ವೆಂಕಣ್ಣ ತುಟಿ ಅಲ್ಲಾಡಿಸದೆ ಹೇಳಿದ. "ಹೊಸಾ ಮನಿ ಗೃಹಪ್ರವೇಶ ಆದಂಗಾತು."