ಮೆಲ್ಲಗೆ ಗರ್ಜಿಸಿದ ಮಹಾರಾಜ

ಸಹನಿರ್ದೇಶಕಿ ಅಂದರೆ ಏನೋ ದೊಡ್ಡ ಹುದ್ದೆ ಅಂತ ನೀವು ತಿಳಿದಿದ್ದರೆ ದಯವಿಟ್ಟು ಹಾಗೇ ತಿಳಿದುಕೊಂಡಿರಿ. ನಮ್ಮ ಅತ್ತೆ ಮನೆಯವರೂ ಹಾಗೇ ತಿಳಿದಿದ್ದಾರೆ. ತಮಿಳು ಗಡಿಯ ಮತ್ತಿಗಿರಿಯ ನಮ್ಮ ಕನ್ನಡ ನಾಟಕ ತಂಡದಲ್ಲಿ ನನ್ನ ಕೆಲಸವೆಂದರೆ ಸೈಡ್ ವಿಂಗಿನಲ್ಲಿ ಕೂತು ಮಾತು ಮರೆತವರಿಗೆ ಮಾತು ಹೇಳಿಕೊಡುವುದು, ಮೀಸೆ ಕಳಚಿದವರಿಗೆ ಮೀಸೆ ಅಂಟಿಸುವುದು, ನಡುವೆ ನನ್ನ ಮೂರು ವರ್ಷದ ಮಗಳು ಚಿನ್ನಿಯನ್ನು ಸಾಕುವುದು. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಮಗುವನ್ನು ಯಾರ ಹತ್ತಿರ ಬಿಡಲಿ? "ಕರ್ಕೊಂಡು ಬನ್ನಿ. ಆದ್ರೆ ಅವಳಿಂದ ನಾಟಕ ಕೆಟ್ರೆ ಮುಂದಿನ ನಾಟಕಕ್ಕೆ ನೀವಿಲ್ಲ, ನೋಡಿಯಮ್ಮಾ" ಎಂದಿದ್ದರು ನಿರ್ದೇಶಕರಾದ ಮೇಷ್ಟ್ರು. ನನಗೋ ನಾಟಕವಿಲ್ಲದೆ ಅನ್ನವೇ ಸೇರದಷ್ಟು ಹುಚ್ಚು.

ತಾಲೀಮು ನಡೆಯುತ್ತಿದ್ದುದು ಫಸ್ಟ್ ಶಿಫ್ಟು ಬಿಟ್ಟ ಮೇಲೆ, ಶಾಲೆಯ ಸಭಾಂಗಣದಲ್ಲಿ. ಹಾಳಾದ್ದು, ಚಿನ್ನಿಯ ನಿದ್ದೆಗೂ ಅದೇ ಹೊತ್ತು. ವೇಷದ ಪೆಟ್ಟಿಗೆಯೊಳಗೆ ಮಹಾರಾಜರ ಪೀತಾಂಬರ ಹಾಸಿದರೆ ಮಲಗಿಬಿಡುತ್ತಿದ್ದಳು. ಯಾರಾದರೂ ದನಿ ಎತ್ತಿದರೋ, ಎದ್ದು ಕೂತು ಅವಳು ತೆಗೆಯುವ ರಾಗಕ್ಕೆ ತಾಲೀಮೇ ನಿಲ್ಲಬೇಕು. ಮಹಾರಾಜನ ಪಾತ್ರದ ಮುನಿರಾಜು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವವನು, ಮೃದು ಮನಸ್ಸು. "ಮಗಾ ಮಲ್ಗೈತೆ, ಮೆಲ್ಲಕೆ ಯುದ್ಧ ಮಾಡ್ರಪ್ಪಾ" ಅನ್ನೋನು. ಕತ್ತಿಗಳಿಗೆ ಬಟ್ಟೆ ಸುತ್ತಿದರು. ಗರ್ಜನೆ, ಶಾಪ, ಅಟ್ಟಹಾಸ ಎಲ್ಲವೂ ಗುಟ್ಟಾಗಿ ನಡೆದವು. ಮೇಷ್ಟ್ರು ಬೈಯುವುದನ್ನೂ ಪಿಸುಮಾತಿನಲ್ಲೇ ಬೈದರು. "ಸ್ಟೇಜ್ ಹತ್ತಿದ್ರೆ ದನಿ ತಾನಾಗೇ ಬರುತ್ತೆ ಬಿಡಿ" ಎಂದು ಎಲ್ಲರಿಗೂ ಧೈರ್ಯ ಹೇಳಿದವಳು ನಾನು. ಅಬ್ಬಬ್ಬಾ, ನನ್ನ ತಿಳಿವಳಿಕೆಯೇ!

ಬರಲಿಲ್ಲ. ಪ್ರದರ್ಶನದ ಸಂಜೆ ಮೈದಾನ ತುಂಬಿತ್ತು. ಚಿನ್ನಿ ಎಂದಿನಂತೆ, ವಿಂಗಿನಲ್ಲಿ ನನ್ನ ಪಕ್ಕದ ಪೆಟ್ಟಿಗೆಯಲ್ಲಿ ಮಲಗಿದ್ದಳು. ಪರದೆ ಎದ್ದಿತು. ಮುನಿರಾಜು ಮೀಸೆ ತಿರುವಿ, ಕತ್ತಿ ಎತ್ತಿ, "ಎಲವೋ ದ್ರೋಹಿ, ನಿನ್ನನ್ನು ಸೀಳಿಬಿಡುತ್ತೇನೆ" ಎಂದು ಬಾಣಂತಿ ಕೋಣೆಯಲ್ಲಿ ಮಾತಾಡುವವನಂತೆ ಹೇಳಿದ. ದ್ರೋಹಿಯೂ ಅಷ್ಟೇ ಮೆತ್ತಗೆ, "ಸೀಳು, ನೋಡೋಣ" ಎಂದ. ಮೇಲೆ ನೇತುಹಾಕಿದ್ದ ಮೈಕಿಗೂ ಏನೂ ಕೇಳಿಸಲಿಲ್ಲ.

"ಏನ್ಲಾ ಮುನಿರಾಜ, ಗಂಟ್ಲು ಕಟ್ಕಂತಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. "ಸತ್ತಮಾ ಪೇಸುಪ್ಪಾ!" ಎಂದು ತಮಿಳಿನಲ್ಲಿ ಇನ್ನೊಬ್ಬ, ಜೋರಾಗಿ ಮಾತಾಡಪ್ಪಾ ಅಂತ. ಶಿಳ್ಳೆ ಶುರುವಾಯಿತು. ಎದುರಿನ ವಿಂಗಿನಿಂದ ಮೇಷ್ಟ್ರು ನನ್ನನ್ನು ನುಂಗುವಂತೆ ನೋಡಿದರು. ಮುಗೀತು ನನ್ನ ಕಥೆ ಅಂದುಕೊಂಡು "ಜೋರಾಗಿ! ಜೋರಾಗಿ!" ಎಂದೆ, ಅದೂ ಪಿಸುಮಾತಿನಲ್ಲೇ. ಮುನಿರಾಜು ಪೆಟ್ಟಿಗೆಯ ಕಡೆ ಕಣ್ಣು ತೋರಿಸಿ, "ಅಕ್ಕಾ, ಮಗಾ ಎದ್ಬುಡ್ತೈತೆ" ಅಂದ.

ಯಾವ ತಾಯಿಯೂ ಮಾಡಬಾರದ ಕೆಲಸ ಮಾಡಿದೆ. ಹಾಯಾಗಿ ಮಲಗಿದ್ದ ಕೂಸನ್ನು ಎತ್ತಿ ಅಲ್ಲಾಡಿಸಿ ಎಬ್ಬಿಸಿದೆ. ಅವಳು ಕಿಟಾರನೆ ಕಿರುಚಿದ್ದೇ ತಡ, ಮುನಿರಾಜುವಿನ ಗಂಟಲು ತೆರೆಯಿತು. "ಎಲವೋ ದ್ರೋಹಿ!" ಅಂದ ಅಬ್ಬರಕ್ಕೆ ಚಿನ್ನಿ ಅಳು ಮರೆತು ಬಾಯಿ ಬಿಟ್ಟುಕೊಂಡು ನೋಡಿದಳು. ಅಲ್ಲಿಂದ ಮಂಗಳದವರೆಗೂ ಅವಳನ್ನು ಕಂಕುಳಲ್ಲಿಟ್ಟು, ನಟರಿಗೆಲ್ಲ ಕಾಣುವ ಹಾಗೆ ವಿಂಗಿನಲ್ಲಿ ನಿಂತೆ. ಅವಳು ತೂಕಡಿಸಿದರೆ ರಾಜ್ಯವೇ ತಗ್ಗಿದ ದನಿಗೆ ಇಳಿಯುತ್ತಿತ್ತು. ಆಗ ಅಂಗಾಲಿಗೆ ಕಚಗುಳಿ ಇಡುತ್ತಿದ್ದೆ.

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ನೇರ ನನ್ನತ್ತ ಬಂದರು. "ಮುಂದಿನ ನಾಟಕಕ್ಕೂ ಮಗು ಬೇಕೇ ಬೇಕು. ಅವಳು ಎಚ್ಚರವಾಗಿರ್ಬೇಕು, ಅಷ್ಟೇ" ಎಂದರು.

"ಮತ್ತೆ ನಾನು, ಮೇಷ್ಟ್ರೇ?"

ಅವರು ಚಿನ್ನಿಯ ಕೆನ್ನೆ ತಟ್ಟಿದರು. "ಅವಳನ್ನ ಎತ್ಕೊಂಡು ಬರೋಕೆ ಯಾರಾದ್ರೂ ಬೇಕಲ್ಲಮ್ಮಾ" ಅಂದರು.

ತಕ್ಷಣ ಒಪ್ಪಿಕೊಂಡೆ.