ಚೌಕಾಬಾರದ ರಾಯಭಾರಿ

ದೊಡ್ಡ ವಿಚಾರಗಳನ್ನು ಕೇಳಿದರೆ ಅಲ್ಲೇ ಬಿಟ್ಟು ಬರಬೇಕು, ಮನೆಗೆ ತರಬಾರದು. ಇದು ನಾನು ಪೆಟ್ಟು ತಿಂದು ಕಲಿತದ್ದು. ನಮ್ಮ ಕಾರ್ಖಾನೆಯ ರಾಜ್ಯೋತ್ಸವಕ್ಕೆ ಬಂದಿದ್ದ ಅತಿಥಿಗಳು, ಸೈನ್ಯ ಕಳಿಸಿ ಗೆಲ್ಲಲಾಗದ ದೇಶವನ್ನು ಆಟ ಕಳಿಸಿ ಗೆಲ್ಲಬಹುದು, ನಮ್ಮ ಚದುರಂಗ ಜಗತ್ತನ್ನೇ ಗೆದ್ದಿಲ್ಲವೇ, ಇನ್ನು ಚೌಕಾಬಾರವನ್ನು ಹೊರಗೆ ಕಳಿಸುವುದೊಂದೇ ಬಾಕಿ ಎಂದು ಬೋಂಡಾ ಆರುವ ತನಕ ಹೇಳಿದರು. ಉಳಿದವರು ಬೋಂಡಾ ನೋಡುತ್ತಿದ್ದರು. ನಾನೊಬ್ಬ ನಂಬಿದೆ. ನನಗೆ ಗೆಲ್ಲಬೇಕಾಗಿದ್ದುದು ದೇಶವಲ್ಲ, ಆಂಡರ್ಸನ್‌ಪೇಟೆಯ ನಮ್ಮ ಬಾಡಿಗೆ ಮನೆಯನ್ನು.

ನಾವು ಮೈಸೂರಿನಿಂದ ಈ ಗಡಿಯೂರಿಗೆ ಬಂದು ವರ್ಷವೂ ಆಗಿರಲಿಲ್ಲ, ನನ್ನ ಹೆಂಡತಿ ಶಾರದೆಗೆ ಏಳನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದವಳು ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಬಿಟ್ಟುಬಿಟ್ಟಳು. ಸಾರಿಗೆ ಉಪ್ಪು ಸಾಕೇ ಎಂದು ಅವಳು ಕೇಳಿದ ದಿನ ನನಗೆ ಹಬ್ಬ. ಮನೆಯಲ್ಲಿ ಇಂಥ ಮೌನವಿದ್ದರೆ ಗಂಡಸಾದವನು ಏನು ಮಾಡುತ್ತಾನೆ? ನಲ್ಲಿ ರಿಪೇರಿ ಮಾಡುತ್ತಾನೆ. ಸರಿಯಾಗಿದ್ದ ನಲ್ಲಿಗಳನ್ನೆಲ್ಲ ನಾನು ರಿಪೇರಿ ಮಾಡಿ ಕೆಡಿಸಿಯಾಗಿತ್ತು. ಹಾಗಾಗಿ ಭಾಷಣ ಕೇಳಿದ ಸಂಜೆಯೇ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಪಕ್ಕದ ಮನೆಯ ಮುನಿರತ್ನಮ್ಮನವರನ್ನು ಕರೆದೆ.

ಮುನಿರತ್ನಮ್ಮ ಕಾಮಸಮುದ್ರದ ಕಡೆಯವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ನಮ್ಮ ಆಟದ ಹಿರಿಮೆ ತಿಳಿಸಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ಇದು ಅಷ್ಟಾಚಮ್ಮ ಅಲ್ವಾ ಸಾರ್? ನಮ್ಮವ್ವನ ಜೊತೆ ಆಡ್ಕಂಡೇ ಬೆಳೆದೋಳು ನಾನು. ವಸಿ ಅತ್ಲಾಗೆ ಸರ್ಕಳಿ" ಎಂದು ಕೂತೇಬಿಟ್ಟರು. ನಾನು ರಫ್ತು ಮಾಡಲು ಹೊರಟ ಮಾಲು ಇಲ್ಲಿ ಆಗಲೇ ಮನೆಮನೆಯಲ್ಲಿತ್ತು. ಇರಲಿ, ಶಾರದೆ ಕವಡೆ ಹಿಡಿದಳು. ದಿನವೂ ಸಂಜೆ ಆಟ ನಡೆಯತೊಡಗಿತು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಒಂದು ಭಾನುವಾರ ಪಕ್ಕದಲ್ಲೇ ಕೂತು ನೋಡಿದೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಕಾಲಿಡುವ ಹಾಗಿಲ್ಲ. ಇವರಿಬ್ಬರೂ ಒಬ್ಬರದನ್ನೊಬ್ಬರು ಹೊಡೆಯದೆ ಹೊರಸುತ್ತಿನಲ್ಲೇ ಸುತ್ತುತ್ತಿದ್ದಾರೆ! ಮುನಿರತ್ನಮ್ಮನವರಿಗೆ ಬೇಕಾದ ಗರವೇ ಬಿತ್ತು, ಶಾರದೆಯ ಕಾಯಿ ಎದುರಿಗೇ ಕೂತಿತ್ತು, ಆದರೂ ಆಕೆ ಬೇರೆ ಕಾಯಿ ನಡೆಸಿದರು. ನನ್ನೊಳಗಿನ ರಾಯಭಾರಿಗೆ ಸಿಟ್ಟು ನೆತ್ತಿಗೇರಿತು. ಶಾರದೆ ಕಾಫಿ ತರಲು ಒಳಗೆ ಹೋದದ್ದೇ ತಡ, "ಹೊಡೀಬೇಕು ಮುನಿರತ್ನಮ್ಮನೋರೇ! ಇಲ್ಲದಿದ್ರೆ ಆಟ ಮುಗಿಯೋದು ಹೇಗೆ? ನಿಯಮ ಅಂತ ಒಂದಿದೆಯಲ್ಲ" ಎಂದೆ.

ಅವರು ದನಿ ತಗ್ಗಿಸಿದರು. "ನಿಯಮ ನಂಗೂ ಗೊತ್ತು ಸಾರ್. ಆಯಮ್ಮ ಒಂದು ಕಳ್ಕಂಡು ಕೂತವ್ಳೆ. ಅವಳ ಕಾಯಿ ನಾ ಎಂಗ್ ಒಡೀಲಿ? ಕೈ ಬರಾಕಿಲ್ಲ."

ನನ್ನ ಮುಖ ನೋಡಿ ಅವರೇ ದಾರಿ ತೋರಿಸಿದರು: "ಆಟ ಮುಗೀಬೇಕು ಅಂದ್ರೆ ನೀವೂ ಕೂತ್ಕಳಿ. ನಿಮ್ದು ಒಡ್ಯಾಕೆ ನಂಗೇನೂ ಬ್ಯಾಸ್ರ ಇಲ್ಲ."

ಕೂತೆ. ಈಗ ಸಂಜೆ ಮೂವರೂ ಆಡುತ್ತೇವೆ. ಒಳಗೆ ಹೋಗಬೇಕಾದವರು ನನ್ನ ಕಾಯಿ ಹೊಡೆದು ಹೋಗುತ್ತಾರೆ. ನನ್ನ ಕಾಯಿಗಳು ಒಳಸುತ್ತಿನ ಮುಖ ಕಂಡಿಲ್ಲ. ಮೊನ್ನೆ ಇನ್ನೇನು ಸುತ್ತು ಮುಗಿಸುವುದರಲ್ಲಿದ್ದ ನನ್ನ ಕಾಯನ್ನು ಶಾರದೆ ಹೊಡೆದು, "ರೀ, ಮತ್ತೆ ಮೊದಲಿಂದ ಬನ್ನಿ!" ಎಂದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ಕಳೆದುಕೊಂಡವನು ನಾನೂ ಹೌದಲ್ಲ ಮುನಿರತ್ನಮ್ಮನೋರೇ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ನನ್ನ ಕಾಯನ್ನೂ ಹೊಡೆಯುವುದು ಬಿಟ್ಟಾರು, ಆಮೇಲೆ ಶಾರದೆ ನಗುವುದು ಯಾವುದಕ್ಕೆ? ನಿಯಮದಂತೆ ಹೊಡೆದವರಿಗೆ ಇನ್ನೊಂದು ಗರ. ಕವಡೆ ಆಯ್ದು ಅವಳ ಕೈಗೇ ಕೊಟ್ಟೆ.