ಹತ್ತು ವ್ಯಾಟಿನ ವಾದ್ಯಗಾರ

ಗಿಟಾರು ನುಡಿಸುವ ಮನುಷ್ಯನಿಗೆ ತನ್ನ ಗಿಟಾರು ತನಗೇ ಕೇಳಿಸದಿದ್ದರೆ ಎಂಥ ಸಂಕಟವಾಗುತ್ತದೆ ಎಂಬುದನ್ನು ಶಿವಪ್ರಕಾಶನನ್ನೇ ಕೇಳಬೇಕು. ಕೇಳದಿದ್ದರೂ ಅವನು ಹೇಳುತ್ತಾನೆ. ಎರಡು ಸಾವಿರದ ಎರಡನೆಯ ಇಸವಿಯ ದಸರೆಯ ಹೊತ್ತಿಗೆ, ಪುಣೆಯ ಕಾತ್ರಜದಿಂದ ಮಾರ್ಕೆಟ್ ಯಾರ್ಡಿನವರೆಗೆ ಅವನ ಪಕ್ಕದಲ್ಲಿ ಬಸ್ಸಿನಲ್ಲಿ ನಿಂತ ಯಾವ ನರಪಿಳ್ಳೆಯೂ ಈ ದುಃಖವನ್ನು ಪೂರ್ತಿ ಕೇಳದೆ ಇಳಿದದ್ದಿಲ್ಲ. ಕನ್ನಡ ಬಾರದವರಿಗೆ ಮರಾಠಿಯಲ್ಲಿ ಹೇಳುತ್ತಿದ್ದ. ಮರಾಠಿಯಲ್ಲಿ ಹೇಳುವಾಗ ದುಃಖ ಇನ್ನೂ ಒಂದು ಸ್ಟಾಪು ಉದ್ದವಾಗುತ್ತಿತ್ತು.

ಶಿವಪ್ರಕಾಶ ಜಮಖಂಡಿ ಕಡೆಯವನು. ಪುಣೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಮಾರ್ಕೆಟ್ ಯಾರ್ಡಿನ ಒಂದು ಲಾರಿ ಬುಕಿಂಗ್ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಮೈಕಿನ ಮುಂದೆ ಕೂತು ಯಾವ ಲಾರಿ ಯಾವ ಗೋದಾಮಿಗೆ ಹಚ್ಚಬೇಕೆಂದು ಕೂಗುವುದು ಅವನ ಕೆಲಸ. ಕಚೇರಿಯ ತಗಡಿನ ಮೇಲೆ ಎರಡು ಭೋಂಗಾಗಳಿದ್ದವು (ಜಾತ್ರೆ, ಮೆರವಣಿಗೆಗಳಲ್ಲಿ ತುತ್ತೂರಿಯಂತೆ ಬಾಯಿ ತೆರೆದುಕೊಂಡಿರುವ ಸ್ಪೀಕರಿಗೆ ಪುಣೆಯಲ್ಲಿ ಇದೇ ಹೆಸರು). ಇವನು ಇಲ್ಲಿ ನಂಬರು ಕೂಗಿದರೆ ನಾಲ್ಕು ಗಲ್ಲಿಯಾಚೆ ಚಹಾ ಕುಡಿಯುತ್ತಿದ್ದ ಡ್ರೈವರು ಅರ್ಧಕ್ಕೇ ಕಪ್ಪು ಇಟ್ಟು ಏಳುತ್ತಿದ್ದ. ಇಂಥ ಅಧಿಕಾರವಾಣಿಯ ಮನುಷ್ಯನಿಗೆ ಸಂಗೀತದಲ್ಲಿ ಮಾತ್ರ ದನಿಯೇ ಇಲ್ಲದಂತಾಗಿತ್ತು.

ಕಥೆ ಶುರುವಾದದ್ದು ಕನ್ನಡ ಸಂಘದ ಬೆಳ್ಳಿಹಬ್ಬದಿಂದ. ಕಚೇರಿಯ ಪಕ್ಕದಲ್ಲೇ ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಗೋದಾಮು. ಅದರ ಯಜಮಾನರು ಅಪ್ಪಾಸಾಹೇಬರು. ಅವರಿಗೆ ಹಾಡಿನ ಹುಚ್ಚು. ಸ್ವತಃ ಬರೆದು, ಸ್ವತಃ ರಾಗ ಹಾಕಿ, ಸ್ವತಃ ಹಾಡುವ ಹನ್ನೊಂದು ನುಡಿಗಳ ನಾಡಗೀತೆಯೊಂದನ್ನು ಅವರು ಸಂಘಕ್ಕೆ ಅರ್ಪಿಸುವವರಿದ್ದರು. ಸಂಘ ಬೇಡವೆನ್ನುವಂತಿರಲಿಲ್ಲ, ಯಾಕೆಂದರೆ ಅಧ್ಯಕ್ಷರೂ ಅವರೇ. ಹಾಡಿಗೆ ಒಂದು ಬ್ಯಾಂಡು ಬೇಕಾಯಿತು. ಗೋದಾಮಿನಲ್ಲಿ ತೂಕ ಮಾಡುವ ಧರ್ಮಣ್ಣ ಡ್ರಮ್ಮಿಗೆ, ಬ್ಯಾಂಕಿನ ಬಾಳಕೃಷ್ಣ ಕೀಬೋರ್ಡಿಗೆ, ಗಿಟಾರಿಗೆ ಶಿವಪ್ರಕಾಶ. ಐದನೆಯ ನುಡಿ ಮುಗಿದ ಮೇಲೆ ಅಪ್ಪಾಸಾಹೇಬರು ನೀರು ಕುಡಿಯಬೇಕು; ಆ ಬಿಡುವಿನಲ್ಲಿ ಗಿಟಾರಿನ ಹದಿನಾರು ಸಾಲು.

ಆ ಹದಿನಾರು ಸಾಲುಗಳ ಮೇಲೆ ಶಿವಪ್ರಕಾಶನ ಜೀವವೇ ನಿಂತಿತ್ತು. ಹದಿನೆಂಟು ವರ್ಷದ ಹಿಂದೆ ಬಿಜಾಪುರದಲ್ಲಿ ಹೆಣ್ಣು ನೋಡಲು ಹೋದಾಗ, ಹುಡುಗನ ಹವ್ಯಾಸವೇನೆಂದು ಯಾರೋ ಕೇಳಿದ್ದಕ್ಕೆ ಅವನು ಗಿಟಾರು ಎಂದಿದ್ದ. ಹೆಣ್ಣಿನ ತಮ್ಮ ಮಾಂತು ಆಗಿನ್ನೂ ಶಾಲೆಗೆ ಹೋಗುತ್ತಿದ್ದ. ಅವನಂತೂ ಆವತ್ತಿನಿಂದಲೇ ಭಾವೀ ಮಾಮಾನ ಪರಮಭಕ್ತನಾದ. ಮದುವೆಯಾಗಿ ರೇಣು ಮನೆಗೆ ಬಂದಳು, ಗಿಟಾರು ಗೋಣಿಚೀಲ ಸೇರಿ ಅಟ್ಟ ಹತ್ತಿತು. ಬೀಗರ ಕಡೆಯ ಒಬ್ಬರೂ ಅದರ ಒಂದು ತಂತಿಯ ಸದ್ದನ್ನೂ ಕೇಳಿರಲಿಲ್ಲ. ಈಗ ಬೆಳ್ಳಿಹಬ್ಬಕ್ಕೆ ಮಾಂತು ಸಂಸಾರ ಸಮೇತ ಬರುವವನಿದ್ದ.

ಅಟ್ಟದಿಂದಿಳಿದ ಗಿಟಾರಿಗೆ ದನಿ ಹೆಚ್ಚಿಸುವ ಒಂದು ಆಂಪ್ ಬೇಕೆಂದು ಶಿವಪ್ರಕಾಶ ಪುಣೆಯ ಬುಧವಾರ ಪೇಟೆ ಎಂಬ ಬಡಾವಣೆಗೆ ಹೋದ. ದೊಡ್ಡ ಪೆಟ್ಟಿಗೆ ತಂದರೆ ಅದು ಒಳಗೆ, ನಾನು ಹೊರಗೆ ಎಂದು ರೇಣು ಮೊದಲೇ ಹೇಳಿದ್ದಳು. ಅಂಗಡಿಯವನು ಹತ್ತು ವ್ಯಾಟಿನ ಪುಟ್ಟ ಆಂಪ್ ತೋರಿಸಿ, ಇದು ಮನೆಯಲ್ಲಿ ಒಬ್ಬರೇ ಕೂತು ಪ್ರಾಕ್ಟೀಸು ಮಾಡಲಿಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದ. ಶಿವಪ್ರಕಾಶ ತಲೆಯಾಡಿಸಿದ. ಮನೆಗೂ ನಾಲ್ಕು ಗೋಡೆ, ಗೋದಾಮಿಗೂ ನಾಲ್ಕು ಗೋಡೆ ಎಂಬುದು ಅವನ ಲೆಕ್ಕಾಚಾರ.

ರೇಣು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗಾತ್ರ, ಹಿಡಿಕೆ, ಮುಚ್ಚಳ, ಎಲ್ಲವೂ ಅವನು ದಿನಾ ಕಚೇರಿಗೆ ಒಯ್ಯುವ ಊಟದ ಡಬ್ಬಿಯ ಹಾಗೇ ಇತ್ತು.

"ಮುಂಜಾನೆ ಅವಸರದಾಗ ಇದರಾಗ ಪಲ್ಲೆ ತುಂಬಿ ಕಳಸಿದ್ರ ನನಗ ಬಯ್ಯಬ್ಯಾಡ್ರಿ ಮತ್ತ" ಎಂದಳು. ಅಂದಿನಿಂದ ಆ ಆಂಪಿಗೆ ಡಬ್ಬಿ ಎಂದೇ ನಾಮಕರಣವಾಯಿತು.

ವಾರದ ರಜೆಯ ಮಧ್ಯಾಹ್ನ ಗೋದಾಮಿನಲ್ಲಿ ತಾಲೀಮು. ಸುತ್ತ ಛಾವಣಿಯವರೆಗೆ ಮೆಣಸಿನಕಾಯಿ ಚೀಲ. ಸದ್ದು ಹೊರಗೆ ಹೋಗಬಾರದೆಂದು ಕಬ್ಬಿಣದ ಶಟರು ಕೆಳಗೆಳೆಯುತ್ತಿದ್ದರು. ಘಾಟು ಒಳಗೇ ಉಳಿಯುತ್ತಿತ್ತು. ನಾಡದೇವಿಯ ಮಹಿಮೆಯನ್ನು ಮೂರು ಸಾಲು ಹಾಡಿದರೆ ನಾಲ್ಕನೆಯದಕ್ಕೆ ಅಪ್ಪಾಸಾಹೇಬರು ಸೀನುತ್ತಿದ್ದರು. ಬಾಳಕೃಷ್ಣನ ಕೀಬೋರ್ಡಿಗೆ ಕಪಾಟಿನಷ್ಟು ಎತ್ತರದ ಸ್ಪೀಕರು. ಧರ್ಮಣ್ಣನ ವಿಷಯ ಹೇಳುವುದೇ ಬೇಡ. ದಿನಾ ನೂರಾರು ಚೀಲ ಎತ್ತಿಳಿಸಿದ ತೋಳು ಅವು, ಮೀರಜಿನ ಮದುವೆ ಬ್ಯಾಂಡಿನಲ್ಲಿ ಪಳಗಿದವು. ಅದರಲ್ಲೂ ಗಿಟಾರಿನ ಸರದಿ ಬಂತೆಂದರೆ ಅವನ ಮೈಯಲ್ಲಿ ಏನು ಸೇರುತ್ತಿತ್ತೋ, ವೈರಿಯ ಕೋಟೆ ಬಾಗಿಲು ಒಡೆಯುವವನ ಹಾಗೆ ಬಾರಿಸುತ್ತಿದ್ದ. ಈ ರಣರಂಗದ ಮೂಲೆಯಲ್ಲಿ ಡಬ್ಬಿ ಏನೋ ಗೊಣಗುತ್ತಿತ್ತು. ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಶಿವಪ್ರಕಾಶನಿಗಂತೂ ಇಲ್ಲವೇ ಇಲ್ಲ.

ಅವನು ಮಾಡದ ಪ್ರಯತ್ನವಿಲ್ಲ. ಡಬ್ಬಿಯನ್ನು ಒಂದು ಚೀಲದ ಮೇಲಿಟ್ಟ, ಎರಡರ ಮೇಲಿಟ್ಟ, ಆಮೇಲೆ ತೂಕದ ಕಾಟಾದ ಮೇಲೇ ಇಟ್ಟ. ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿದ; ಅದು ಕಾದೆಣ್ಣೆಗೆ ಭಜಿ ಬಿಟ್ಟಂತೆ ಚರಚರ ಎಂದಿತೇ ಹೊರತು ಹಾಡಲಿಲ್ಲ. ಮನೆಯ ಬಚ್ಚಲಿನ ತಾಮ್ರದ ಹಂಡೆಯೊಳಗೆ ಡಬ್ಬಿ ಇಟ್ಟರೆ ದನಿ ಬೆಳೆಯುತ್ತದೆಂದು ಯಾರೋ ಹೇಳಿದ್ದರಿಂದ, ಆ ಹಂಡೆಯನ್ನು ರಿಕ್ಷಾದಲ್ಲಿ ಹೊತ್ತು ತಂದ. ದನಿ ಬೆಳೆಯಿತು, ಆದರೆ ಗಿಟಾರಿನದಲ್ಲ, ಹಂಡೆಯದು. ಇವನು ಯಾವ ಸ್ವರ ನುಡಿಸಿದರೂ ಹಂಡೆ ತನಗೆ ಗೊತ್ತಿದ್ದ ಒಂದೇ ಸ್ವರ ಹೇಳುತ್ತಿತ್ತು. ಅತ್ತ ಮನೆಯಲ್ಲಿ ಬಿಸಿನೀರಿಲ್ಲದೆ ರೇಣು ಎರಡು ದಿನ ಮಾತು ಬಿಟ್ಟಳು.

ವಿಚಿತ್ರವೆಂದರೆ ಕೇಳಿಸದ ಆ ಗಿಟಾರನ್ನು ಎಲ್ಲರೂ ಹೊಗಳುತ್ತಿದ್ದರು. ಹಿರಿಯರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಪದ್ಧತಿ ನಮ್ಮ ಕಡೆಯವರಲ್ಲಿಲ್ಲ. ತಾಲೀಮು ಮುಗಿಯುವ ಹೊತ್ತಿಗೆ ರೇಣು ಬುಟ್ಟಿ ತುಂಬ ಚುರಮುರಿಯ ಗಿರಮಿಟ್ಟು ತರುತ್ತಿದ್ದಳು. ಅದನ್ನು ತಿನ್ನುತ್ತ ಬಾಳಕೃಷ್ಣ ಭಾಳ ಛಲೋ ಆತ್ರಿ ಎನ್ನುತ್ತಿದ್ದ. ಧರ್ಮಣ್ಣ ಹೌದ್ರಿ ಎನ್ನುತ್ತಿದ್ದ. ಹೊಗಳಿಕೆ ಗಿರಮಿಟ್ಟಿಗೋ ಗಿಟಾರಿಗೋ ಎಂದು ಶಿವಪ್ರಕಾಶ ವಿಚಾರಿಸಲು ಹೋಗಲಿಲ್ಲ.

ಕಾರ್ಯಕ್ರಮಕ್ಕೆ ಹತ್ತು ದಿನವಿದ್ದಾಗ ಅಪ್ಪಾಸಾಹೇಬರು ಬಹಳ ನಯವಾಗಿ ಒಂದು ಮಾತು ತೆಗೆದರು. ಬಾಳಕೃಷ್ಣನ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಗಿಟಾರಿನ ದನಿಯೇ ಬರುತ್ತದಂತೆ. ಕೇಳಿಸದಿದ್ದರೆ ಆ ಹದಿನಾರು ಸಾಲು ಅವನೇ ನುಡಿಸಲಿ, ಶಿವಪ್ರಕಾಶ ಸುಮ್ಮನೆ ಗಿಟಾರು ಹಿಡಿದು ನಿಂತರೆ ಸಾಕು. ಶಿವಪ್ರಕಾಶನ ರಕ್ತ ಕುದಿಯಿತು. ಮನೆಗೆ ಬಂದವನೇ ದೊಡ್ಡ ಆಂಪ್ ತರುತ್ತೇನೆಂದು ಘೋಷಿಸಿದ.

"ಏನೂ ಬ್ಯಾಡ" ಎಂದಳು ರೇಣು. "ಡಬ್ಬೀನ ಛಲೋ ಅದ."

"ನಿನಗೇನು ತಿಳೀತದ. ನಂದು ಕೇಳಸೂದಿಲ್ಲ ಅಲ್ಲಿ."

"ಕೇಳಸದಿದ್ರ ಇರಲಿ ಬಿಡ್ರಿ. ನೋಡಾಕ ಛಲೋ ಕಾಣ್ತೀರಿ" ಎಂದು ರೇಣು ರೊಟ್ಟಿ ಬಡಿಯಲು ಹೋದಳು. ಹೆಂಡತಿಯ ಕಲಾದ್ವೇಷಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡ ಶಿವಪ್ರಕಾಶ. ರಾತ್ರಿಯೆಲ್ಲ ಮಗ್ಗುಲು ಬದಲಿಸಿದ. ಬೆಳಗ್ಗೆ ಕಚೇರಿಗೆ ಹೋಗಿ ಮೈಕಿನ ಮುಂದೆ ಕೂತು ಮೊದಲ ಲಾರಿಯ ನಂಬರು ಕೂಗುತ್ತಿದ್ದಂತೆ ತಲೆಯಲ್ಲಿ ದೀಪ ಹತ್ತಿತು. ಇಡೀ ಯಾರ್ಡಿಗೆ ಕೇಳಿಸುವ ಭೋಂಗಾ ತಲೆಯ ಮೇಲೇ ಇರುವಾಗ ತಾನೇಕೆ ಡಬ್ಬಿಯ ಕಾಲು ಹಿಡಿಯಬೇಕು.

ಮುಂದಿನ ರಜೆಯ ದಿನ ಅವನು ಎಲ್ಲರಿಗಿಂತ ಮೊದಲೇ ಬಂದ. ಕಚೇರಿಯ ಬೀಗದ ಕೈ ಅವನ ಹತ್ತಿರವೇ ಇತ್ತು. ಮೈಕಿಗೆ ಉದ್ದದ ವಾಯರು ಜೋಡಿಸಿ, ಕಿಟಕಿಯಿಂದ ಹಾಯಿಸಿ, ಗೋದಾಮಿನ ಒಳಗೆ ತಂದ. ಚೀಲಗಳ ಹಿಂದೆ ಡಬ್ಬಿ ಇಟ್ಟು, ಅದರ ಬಾಯಿಗೇ ಮೈಕು ತಾಗಿಸಿ, ಸುತಳಿಯಿಂದ ಬಿಗಿಯಾಗಿ ಕಟ್ಟಿದ. ಯಾರಿಗೂ ಹೇಳಲಿಲ್ಲ. ಐದನೆಯ ನುಡಿ ಮುಗಿಯಲಿ, ಎಲ್ಲರೂ ಬೆಚ್ಚಿಬೀಳಲಿ ಎಂದು ಒಳಗೊಳಗೇ ನಗುತ್ತ ಕೂತ.

ಇಪ್ಪತ್ತು ವರ್ಷ ಆ ಭೋಂಗಾದ ಕೆಳಗೆ ಕೆಲಸ ಮಾಡಿದ ಮನುಷ್ಯ ಒಂದೇ ಒಂದು ಸಂಗತಿ ಮರೆತಿದ್ದ. ಭೋಂಗಾದ ಬಾಯಿ ಇದ್ದದ್ದು ಹೊರಗೆ, ಗಲ್ಲಿಯ ಕಡೆಗೆ. ಗೋದಾಮಿನ ಶಟರು ಕೆಳಗೆಳೆದಿತ್ತು.

ಐದನೆಯ ನುಡಿ ಮುಗಿಯಿತು. ಅಪ್ಪಾಸಾಹೇಬರು ನೀರಿನ ತಂಬಿಗೆ ಎತ್ತಿದರು. ಶಿವಪ್ರಕಾಶ ತಂತಿಯ ಮೇಲೆ ಕೈ ಹಾಕಿದ, ಧರ್ಮಣ್ಣ ಕೋಟೆ ಬಾಗಿಲಿಗೆ ಕೈ ಹಾಕಿದ. ಒಳಗೆ ಎಂದಿನ ಹಾಗೆ ಡ್ರಮ್ಮು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮೈಕು ಸರಿಯಾಗಿ ಹಿಡಿಯುತ್ತಿಲ್ಲವೇನೋ ಎಂದು ಶಿವಪ್ರಕಾಶ ಬಗ್ಗಿ ಡಬ್ಬಿಯ ಗುಂಡಿಯನ್ನು ಪೂರ್ತಿ ತಿರುಗಿಸಿ, ಮತ್ತೆ ಮೊದಲ ಸಾಲಿನಿಂದ ಹಿಡಿದ. ಅಪ್ಪಾಸಾಹೇಬರಿಗೆ ನೀರು ನೆತ್ತಿಗೇರಿ ಕೆಮ್ಮು, ಅದರ ಹಿಂದೆ ಸೀನು. ಅವರು ಸುಧಾರಿಸಿಕೊಳ್ಳುವವರೆಗೆ ಶಿವಪ್ರಕಾಶ ಹದಿನಾರು ಸಾಲನ್ನು ನಾಲ್ಕು ಸಲ ನುಡಿಸಿದ, ಕಣ್ಣು ಮುಚ್ಚಿ, ಹೃದಯ ಬಿಚ್ಚಿ. ಅಷ್ಟರಲ್ಲಿ ಯಾರೋ ಶಟರನ್ನು ದಬದಬ ಬಡಿದರು.

ಶಟರು ಎತ್ತಿದರೆ ಹೊರಗೆ ನಲವತ್ತು ಜನ. ಡ್ರೈವರುಗಳು, ಹಮಾಲರು, ಯಾರ್ಡಿನ ವಾಚಮನ್ನು, ಚಹಾದಂಗಡಿಯವನು. ಸಾತಾರೆಯ ಒಬ್ಬ ಡ್ರೈವರಂತೂ ತನ್ನನ್ನೇ ಕರೆಯುತ್ತಿದ್ದಾರೆಂದು ತಾಡಪತ್ರಿ ಬಿಚ್ಚಿ ಲಾರಿಯನ್ನು ಗೋದಾಮಿನ ಬಾಗಿಲಿಗೇ ಹಿಂದೆ ತಂದು ನಿಲ್ಲಿಸಿದ್ದ. ಎಲ್ಲರ ಮುಂದೆ ಕೊಪ್ಪಳ ಕಡೆಯ ಹಮಾಲ ಹುಲಿಗೆಪ್ಪ, ತಲೆಯ ಟವೆಲು ಕೈಗೆ ತೆಗೆದುಕೊಂಡು ವಿನಯದಿಂದ ನಿಂತಿದ್ದ.

"ಸಾಹೇಬ್ರ, ನಿಮ್ಮ ಭೋಂಗಾ ಕೆಟ್ಟೈತ್ರಿ" ಎಂದ. "ಆಗಿನಿಂದ ಒಂದ ಸವನ ಒದರಾಕತ್ತೈತಿ. ಒಂದು ಗಾಡಿ ನಂಬರನೂ ತಿಳೀವಲ್ದು."

"ಅದು ಕೆಟ್ಟಿಲ್ಲೋ ಮಾರಾಯಾ. ಅದು ಗಿಟಾರು" ಎಂದ ಶಿವಪ್ರಕಾಶ.

ಹುಲಿಗೆಪ್ಪ ತಗಡಿನ ಮೇಲಿನ ಭೋಂಗಾವನ್ನೊಮ್ಮೆ, ಗಿಟಾರನ್ನೊಮ್ಮೆ ನೋಡಿದ. "ಹೌದನ್ರಿ? ಹಂಗಾರ ಗಿಟಾರ ಕೆಟ್ಟೈತ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಶಿವಪ್ರಕಾಶನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಎಲ್ಲರ ಮುಖದಲ್ಲಿ, ಯಂತ್ರ ಕೆಟ್ಟವನ ಮೇಲೆ ಇರುವಂಥ ಪ್ರಾಮಾಣಿಕ ಮರುಕವಿತ್ತು. ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ರೇಣು ಬಂದಳು. ಒಂದು ಕೈಯಲ್ಲಿ ಗಿರಮಿಟ್ಟಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಕಚೇರಿಯ ಗೋಡೆಯಿಂದ ಕಿತ್ತುಕೊಂಡ ವಾಯರಿನ ತುದಿ. ಯಾರ್ಡಿನ ಗೇಟಿನಲ್ಲಿ ರಿಕ್ಷಾ ಇಳಿದಾಗಲೇ ಅವಳಿಗೆ ಗುರುತು ಹತ್ತಿತ್ತು. ದಿನಾ ಬೆಳಗ್ಗೆ ಮನೆಯಲ್ಲಿ ಡಬ್ಬಿಯಿಂದ ಕೇಳಿದ್ದ ಅದೇ ಹದಿನಾರು ಸಾಲು, ಈಗ ಆಕಾಶದಿಂದ ಬರುತ್ತಿತ್ತು. ಬರಿಗಾಲಿನಲ್ಲಿ ಓಡಿ ಬಂದು ವಾಯರು ಕಿತ್ತಿದ್ದಳು. ಚಪ್ಪಲಿ ರಿಕ್ಷಾದ ಹತ್ತಿರವೇ ಉಳಿದಿತ್ತು.

ಧರ್ಮಣ್ಣ ಗಾಬರಿಯಿಂದ ಡ್ರಮ್ಮಿನ ಹಿಂದಿನಿಂದ ಎದ್ದ.

"ವೈನೀ, ನನ್ನ ಕಡೆಯಿಂದ ಏನೂ ತಪ್ಪಾಗಿಲ್ರಿ" ಎಂದ. "ನೀವು ಹೇಳಿದ ಹಂಗ ಅವರ ಪಾಳಿ ಬಂದಾಗ ಕೈ ಜೋರ ಮಾಡೇನಿ. ಒಳಗ ಒಬ್ಬರಿಗೂ ಕೇಳಿಸಿಲ್ಲ. ಬೇಕಾದ್ರ ಕೇಳ್ರಿ."

ಬಾಳಕೃಷ್ಣ ಕೀಬೋರ್ಡಿನ ಧೂಳು ಒರೆಸತೊಡಗಿದ. ಅಪ್ಪಾಸಾಹೇಬರು ಖಾಲಿ ತಂಬಿಗೆಯಿಂದ ಇನ್ನೊಮ್ಮೆ ನೀರು ಕುಡಿದರು. ರೇಣು ಬುಟ್ಟಿ ಇಳಿಸಿ, ನಲವತ್ತು ಜನಕ್ಕೂ ಒಂದೊಂದು ಮುಷ್ಟಿ ಗಿರಮಿಟ್ಟು ಹಂಚಿದಳು. ಅಂದು ಭಾಳ ಛಲೋ ಆತ್ರಿ ಎಂದವರ ಸಂಖ್ಯೆ ನಲವತ್ತಕ್ಕೇರಿತು.

ಗಂಡಹೆಂಡಿರು ಬಸ್ ಸ್ಟಾಪಿನ ಕಡೆ ನಡೆದರು. ಶಿವಪ್ರಕಾಶನಿಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು, ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯುತ್ತಿರಲಿಲ್ಲ.

"ಯಾವಾಗಿನಿಂದ ನಡದದ ಇದು?" ಎಂದು ಕೊನೆಗೆ ಕೇಳಿದ.

"ಗಣಪತಿ ಹಬ್ಬದಿಂದ."

"ಅಷ್ಟು ಕೆಟ್ಟ ಬಾರಸ್ತೀನೇನು ನಾನು?"

ರೇಣು ನಿಜ ಹೇಳುವ ಹೆಂಗಸು. "ಏಳು ಸಾಲು ಛಲೋ ಬರ್ತಾವ್ರಿ. ಮುಂದ ಹಾಡು ಒಂದು ಕಡೆ ಹೋಗ್ತದ, ನೀವೊಂದು ಕಡೆ ಹೋಗ್ತೀರಿ. ನಿಮಗ ಹೇಳಿದ್ರ ನೀವು ಬಿಟ್ಟ ಬಿಡ್ತಿದ್ರಿ. ಮಾಂತು ಹದಿನೆಂಟು ವರ್ಷದಿಂದ ಹಾದಿ ಕಾಯಾಕತ್ತಾನ. ಅವನ ಮುಂದ ನೀವು ಸ್ಟೇಜ್ ಮ್ಯಾಲ ಕೂತಿದ್ದು ನಾ ನೋಡಬೇಕಾಗಿತ್ತು."

ಶಿವಪ್ರಕಾಶನ ಸಿಟ್ಟು ಇಳಿಯಿತು. ತನ್ನ ಮಾನ ಕಾಯಲು ಈಕೆ ಎರಡು ತಿಂಗಳಿನಿಂದ ಬುಟ್ಟಿಗಟ್ಟಲೆ ಗಿರಮಿಟ್ಟು ಹೊತ್ತಿದ್ದಾಳೆಂದು ತಿಳಿದು, ಅವಳ ಕೈಯ ಖಾಲಿ ಬುಟ್ಟಿಯನ್ನು ತಾನೇ ಎತ್ತಿಕೊಂಡ. ಬಸ್ಸಿನಲ್ಲಿ ಅಂದು ಅವನು ಯಾರಿಗೂ ಯಾವ ದುಃಖವನ್ನೂ ಹೇಳಲಿಲ್ಲ. ಮಾರನೆಯ ದಿನದಿಂದ ಎಂಟನೆಯ ಸಾಲನ್ನು ಹಿಡಿದು ತಿದ್ದತೊಡಗಿದ. ಎಂಟನೆಯದು ಬಂದರೆ ಒಂಬತ್ತನೆಯದು ಬರಲಿಲ್ಲ, ಒಂಬತ್ತು ಬಂದಾಗ ಮೊದಲಿನ ಏಳೂ ಹೋದವು.

ಬೆಳ್ಳಿಹಬ್ಬದ ದಿನ ಸಭಾಗೃಹ ತುಂಬಿತ್ತು. ಮೊದಲ ಸಾಲಿನಲ್ಲಿ ಮಾಂತು, ಹೊಸ ಅಂಗಿ ಹಾಕಿಕೊಂಡು, ಹೆಂಡತಿ ಮಕ್ಕಳಿಗೆ ವೇದಿಕೆ ಕಡೆ ಬೆರಳು ತೋರಿಸುತ್ತ ಕೂತಿದ್ದ. ಸೌಂಡಿನವನು ಒಂದು ಹೊಚ್ಚಹೊಸ ಮೈಕು ಹಿಡಿದು ಬಂದು, ಡಬ್ಬಿಯ ದನಿ ಸಾಲುವುದಿಲ್ಲ, ಇದನ್ನು ಅದರ ಮುಂದೆ ಇಟ್ಟರೆ ಕೊನೆಯ ಕುರ್ಚಿಯವರೆಗೂ ಕೇಳಿಸುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ತಿಂಗಳುಗಟ್ಟಲೆ ಶಿವಪ್ರಕಾಶ ಹಗಲಿರುಳು ಹಂಬಲಿಸಿದ್ದು ಇದೇ ಮಾತಿಗಾಗಿ. ಅವನು ಮೈಕನ್ನು ಎರಡೂ ಕೈಯಿಂದ ತೆಗೆದುಕೊಂಡ, ಸೌಂಡಿನವನಿಗೆ ವಂದಿಸಿದ, ಒಯ್ದು ಧರ್ಮಣ್ಣನ ಡ್ರಮ್ಮಿನ ಮುಂದೆ ನಿಲ್ಲಿಸಿದ.

"ಮೊದಲನೇ ಸಾಲಿನಿಂದನ ಹಿಡೀರಿ, ಧರ್ಮಣ್ಣ" ಎಂದ.

ಐದನೆಯ ನುಡಿ ಮುಗಿಯುತ್ತಲೇ ಧರ್ಮಣ್ಣ ಹಿಡಿದ. ಸಭಾಗೃಹದ ಕಿಟಕಿಗಳು ನಡುಗಿದವು. ಶಿವಪ್ರಕಾಶ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಮನಸ್ಸಿಗೆ ಬಂದದ್ದನ್ನು ನುಡಿಸಿದ. ಅಷ್ಟು ನಿರ್ಭಯವಾಗಿ ಅವನು ಜನ್ಮದಲ್ಲಿ ನುಡಿಸಿರಲಿಲ್ಲ. ಚಪ್ಪಾಳೆ ಬಿತ್ತು, ಮೊದಲು ರೇಣುವಿನದು, ಆಮೇಲೆ ಎಲ್ಲರದು.

ಕಾರ್ಯಕ್ರಮ ಮುಗಿದ ಕೂಡಲೇ ಮಾಂತು ವೇದಿಕೆ ಹತ್ತಿ ಬಂದು ಶಿವಪ್ರಕಾಶನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣುಗಳು ಒದ್ದೆಯಾಗಿದ್ದವು.

"ಮಾಮಾ, ನಿಮ್ಮ ಬೆರಳ ನೋಡೇ ತಿಳೀತು ನೀವು ಎಂಥಾ ಕಲಾವಿದರಂತ" ಎಂದ. "ಆದ್ರ ಆ ಡ್ರಮ್ಮಿನವ ಪೂರಾ ಹಾಳ ಮಾಡಿದ ನೋಡ್ರಿ, ಒಂದು ಸ್ವರ ಕೇಳಗೊಡಲಿಲ್ಲ. ವೈಶಾಖದಾಗ ನಮ್ಮ ಹೊಸಾ ಮನಿ ವಾಸ್ತುಶಾಂತಿ ಅದ. ಐದುನೂರು ಮಂದಿಗೆ ಹೇಳೇನಿ. ಅಲ್ಲಿ ಡ್ರಮ್ಮಿಲ್ಲ, ಹಾಡಿಲ್ಲ, ನೀವೊಬ್ಬರ. ಒಂದು ತಾಸು. ನಾ ಆಗಲೇ ಎಲ್ಲಾರಿಗೂ ಮಾತು ಕೊಟ್ಟ ಬಿಟ್ಟೇನಿ."

ಶಿವಪ್ರಕಾಶ ಹೆಂಡತಿಯ ಕಡೆ ತಿರುಗಿದ. ಅವಳು ಅಲ್ಲಿರಲಿಲ್ಲ. ವೇದಿಕೆಯ ಆ ತುದಿಯಲ್ಲಿ ಡ್ರಮ್ಮು ಬಿಚ್ಚುತ್ತಿದ್ದ ಧರ್ಮಣ್ಣನ ಬಳಿ ನಿಂತು, ವೈಶಾಖದಲ್ಲಿ ಬಿಜಾಪುರಕ್ಕೆ ಬರಲು ಅವನಿಗೆ ಬಿಡುವಿದೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದಳು.